ಐದನೆಯ ಪಂಜರದ ತೂಕ

ಕೈಯನ್ನು ಮೂಗಿನ ಹತ್ತಿರ ತಂದರೆ ಇನ್ನೂ ಇಲಿಯದೇ ವಾಸನೆ, ಮೂರು ಸಲ ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ, ಪಕ್ಕದ ಸೀಟಿನವನು ಮುಖ ಸಿಂಡರಿಸಿ ಅತ್ತ ಸರಿದು ಕೂತ, ಸರಿಯಲಿ ಬಿಡು, ಜನ ಸರಿದು ಕೂರುವುದು ಬೈರಯ್ಯನಿಗೇನು ಹೊಸದೇ — ಬಸ್ಸು ಹಾಸನ ಬಿಟ್ಟು ಚನ್ನರಾಯಪಟ್ಟಣದ ದಾರಿ ಹಿಡಿದಿದೆ, ಅಲ್ಲಿಂದ ಇನ್ನೊಂದು ಬಸ್ಸು ನುಗ್ಗೇಹಳ್ಳಿಗೆ, ಇವತ್ತು ಶನಿವಾರ, ಹೆಂಡತಿ ಮುದ್ದಮ್ಮ ಕೊಬ್ಬರಿ ಮಂಡಿಯ ಮುಂದೆ ಕಾಯುತ್ತಿರುತ್ತಾಳೆ, ಅವಳಿಗೆ ಏನಂತ ಹೇಳುವುದು, ಈ ಹಾಳು ಬಸ್ಸು ವಾರವಾರವೂ ಕೆಟ್ಟು ನಿಲ್ಲುತ್ತದೆ, ಇವತ್ತೊಂದು ದಿನ ಕುದುರೆ ಹಾಗೆ ಓಡುತ್ತಿದೆ. ಮುದ್ದಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದ್ದು ಯುಗಾದಿ ಕಳೆದ ಮೇಲೆ, ಕುಯ್ಯುವ ಕಾಲ ದಾಟಿತು, ಮನೆಗೆ ಕರಕೊಂಡು ಹೋಗಿ ಚೆನ್ನಾಗಿ ಊಟ ಹಾಕಯ್ಯ ಎಂದಿದ್ದರು — ಊಟ ಹಾಕು ಅಂದರೆ ಉಳಿಯುತ್ತಾಳೆ ಅಂತ ತಾನೇ, ಬೇರೆ ಏನು ಅರ್ಥ ಮಾಡಿಕೊಳ್ಳಬೇಕಿತ್ತು, ದಡ್ಡ, ಬೈರಯ್ಯ, ನೀನೊಬ್ಬ ದಡ್ಡ. ಕಾಲೇಜಿನ ಇಲಿಮನೆಯಲ್ಲಿ ಎಂಟು ವರ್ಷದ ಅಟೆಂಡರು, ಲೆಕ್ಚರರು ಚಂದ್ರಶೇಖರಯ್ಯನವರು ಬಿಳಿ ಇಲಿಗಳ ಪಕ್ಕೆಗೆ ಸೂಜಿಯಲ್ಲಿ ಗಡ್ಡೆಯ ಬೀಜ ಬಿತ್ತುವುದನ್ನು ಇಲಿಯ ಬಾಲ ಹಿಡಿದುಕೊಂಡು ನೋಡಿದವನು, ಹೊಟ್ಟೆಯ ಎಡಬದಿಯ ಗುಲ್ಮ ಯಾವುದು, ಎದೆಯೊಳಗಿನ ಥೈಮಸ್ ಯಾವುದು ಎಂದು ಬಿ.ಎಸ್ಸಿ. ಹುಡುಗರಿಗೇ ತೋರಿಸಬಲ್ಲವನು. ಇವೆರಡೂ ಮೈ ಕಾಯೋ ಪೋಲೀಸು ಠಾಣೆ ಇದ್ದ ಹಾಗೆ ಕಣಯ್ಯ, ಗಡ್ಡೆ ಬೆಳೀತಾ ಬೆಳೀತಾ ಇವು ಹೊಸ ಪ್ರೋಟೀನು ಕಟ್ಟೋದು ಹೆಚ್ಚುತ್ತೋ ಕಮ್ಮಿಯಾಗುತ್ತೋ, ಅದನ್ನು ಕಂಡುಹಿಡಿದರೆ ನನ್ನ ಥೀಸಿಸ್ ಮುಗೀತು, ಎನ್ನುತ್ತಿದ್ದರು. ಪ್ರೋಟೀನು ಅಂದ್ರೇನು ಸಾ. ಅದೇ, ಹುರುಳಿ, ಕಡಲೆ, ಮೊಟ್ಟೆಯಲ್ಲಿ ಇರ್ತದಲ್ಲ. ಅಷ್ಟು ಸಾಕಾಗಿತ್ತು ಬೈರಯ್ಯನಿಗೆ, ಹುರುಳಿ ತಾನೆ, ಠಾಣೆಗೆ ದವಸ ಸಾಲದೆ ಪೋಲೀಸರು ಸೋಲುತ್ತಿದ್ದಾರೆ, ಕೊಟ್ಟರಾಯಿತು — ಅವತ್ತಿನಿಂದ ಸಾಹೇಬರದೊಂದು ಪ್ರಯೋಗ, ಬೈರಯ್ಯನದೊಂದು.

ಐದನೆಯ ಪಂಜರ, ಗೋಡೆ ಬದಿಯದು, ಐದೇ ಇಲಿ. ಮೊಳಕೆ ಕಟ್ಟಿದ ಹುರುಳಿಯನ್ನು ಗುಂಡುಕಲ್ಲಿನಲ್ಲಿ ಅರೆದು ದಿನಾ ಬೆಳಿಗ್ಗೆ ಸಾಹೇಬರು ಬರುವ ಮುಂಚೆ ಒಂದೊಂದು ಉಂಡೆ, ಬೆನ್ನ ಮೂಳೆ ಕಾಣುತ್ತಿದ್ದ ಅವು ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಿದ್ದರೆ ಕಣ್ಣು ತುಂಬಿ ಬರುತ್ತಿತ್ತು. ತೂಕ ಏರಿತು, ದಿನದಿನಕ್ಕೂ ಏರಿತು, ಉಳಿದ ಪಂಜರಗಳದ್ದೂ ಏರುತ್ತಿತ್ತಲ್ಲ, ಅದು ಯಾಕೆ ಕಣ್ಣಿಗೆ ಬೀಳಲಿಲ್ಲ, ಬೇಕಾದ್ದನ್ನೇ ನೋಡುವವನಿಗೆ ಬೇರೆಯದು ಕಾಣುತ್ತದೆಯೇ. ಆ ಶನಿವಾರವೇ ಊರಿಗೆ ಹೋಗಿ ಕೂಗಿ ಹೇಳಿದ್ದ, ತೂಕ ಏರುದ್ರೆ ಗೆದ್ದಂಗೆ ಕಣಮ್ಮಿ, ನಮ್ಮ ಇಲಿಗಳೆ ಸಾಕ್ಷಿ, ಉಳ್ಳಿ ಮೊಳ್ಕೆ ಕಟ್ಟು, ಮೊಟ್ಟೆ ತಿನ್ನು, ನಂಗೇಂತ ಎತ್ತಿಡಬ್ಯಾಡ. ಚನ್ನಬಸವಯ್ಯನವರ ಮಂಡಿಯ ಜಗುಲಿಯಲ್ಲಿ ಕೊಬ್ಬರಿ ಮೂಟೆ ತೂಗುವ ಯಂತ್ರವಿದೆ, ಸೇರು ಹೋಗಿ ಕಿಲೋ ಬಂದ ಹೊಸದರಲ್ಲಿ ತಂದದ್ದು, ಜಗುಲಿಯಲ್ಲಿದ್ದದ್ದೇ ಪುಣ್ಯ, ಒಳಗಿದ್ದಿದ್ದರೆ, ನಮ್ಮ ಜನ ಹೊಸಿಲು ದಾಟುವಂತಿಲ್ಲ, ಮುದ್ದಮ್ಮನಿಗೆ ಎಲ್ಲಿಯ ತೂಕ. ಮೂಟೆ ನಿಲ್ಸೋ ಜಾಗ್ದಾಗೆ ಮನುಸ್ರೂ ನಿಂತ್ಕತಾರಾ ಎಂದು ಬಾಯಿಗೆ ಸೆರಗು ಒತ್ತಿ ನಕ್ಕಿದ್ದಳು, ಮೂವತ್ತೊಂಬತ್ತು, ಆಮೇಲೆ ನಲವತ್ತೊಂದು, ಹೋದ ವಾರ ನಲವತ್ತಮೂರು, ನಲವತ್ತೈದಾದ್ರೆ ಕೂಲಿಗೆ ಓಯ್ತೀನಿ, ಕುಂತು ಕುಂತು ಸಾಕಾಯ್ತು ಅಂದಿದ್ದಳು.

ಇವತ್ತು ಬೆಳಿಗ್ಗೆ ಐದನೆಯ ಪಂಜರದ ಸರದಿ. ಇಲಿಯ ಹೊಟ್ಟೆ ಸೀಳಿದ ಸಾಹೇಬರು ಹುರುಳಿ ಸಿಪ್ಪೆ ಕಂಡು ತಲೆಯೆತ್ತಿದರು, ಇದೇನಯ್ಯ. ಬಡಕಲಾಗ್ತಿದ್ವು ಸಾ, ನೋಡಕಾಗ್ನಿಲ್ಲ. ಬೈಯುತ್ತಾರೆ ಎಂದುಕೊಂಡ, ಬೈದಿದ್ದರೆ ಚೆನ್ನಾಗಿತ್ತು, ಅವರು ಸ್ಟೂಲಿನ ಮೇಲೆ ಕುಸಿದರು, ಏಳು ತಿಂಗಳ ಕೆಲಸ ಬೈರಯ್ಯ, ತಿನ್ನಿಸಿದ್ದನ್ನು ಅಳೆದೇ ಇಲ್ಲವಲ್ಲ, ಇವನ್ನೆಲ್ಲ ಈಗ ಬಿಸಾಕಬೇಕು. ಆಮೇಲೆ ಎದ್ದು ಬಂದು, ಪಾಠ ಮಾಡುವವರ ಬುದ್ಧಿ ಎಲ್ಲಿ ಹೋಗುತ್ತದೆ, ಗಡ್ಡೆಯನ್ನು ಕುಯ್ದು ತಕ್ಕಡಿಯ ಒಂದು ತಟ್ಟೆಗೆ ಹಾಕಿದರು, ಗಡ್ಡೆ ತೆಗೆದ ಇಲಿಯ ಮೈಯನ್ನು ಇನ್ನೊಂದಕ್ಕೆ. ಮುಳ್ಳು ಸ್ವಲ್ಪ ತೂಗಾಡಿ ನಡುವೆ ನಿಂತಿತು, ಎರಡೂ ಸಮತೂಕ. ಗುಲ್ಮ ನೋಡು, ಮೊದಮೊದಲು ಊದಿಕೊಂಡು ದುಡೀತದೆ, ಆಮೇಲೆ ಸೋಲ್ತದೆ, ಥೈಮಸ್ಸಂತೂ ಈರುಳ್ಳಿ ಪೊರೆ ಹಾಗೆ ಆಗಿದೆ, ನೀನು ಹಾಕಿದ ಹುರುಳಿ ಎಲ್ಲಿ ಹೋಯ್ತು ಅಂತ ಕಂಡಿತೇನಯ್ಯ. ಅವರಿಗೆ ಮುದ್ದಮ್ಮನ ಸುದ್ದಿ ಗೊತ್ತಿಲ್ಲ, ಇವನು ಹೇಳಿದವನಲ್ಲ, ಕಂಡಿತು ಸಾ ಅಂದ. ಹಾವಿಗೆ ಹಾಲೆರೆದವನು ನಾನು, ಎರೆದದ್ದೂ ಅಲ್ಲದೆ ಏರಿದ ತೂಕಕ್ಕೆ ಊರೆಲ್ಲ ಮಂಡಕ್ಕಿ ಹಂಚಿದವನು, ಅವಳ ತೋಳು, ಹೌದು ಅವಳ ತೋಳು, ಬಳೆ ಮೊಳಕೈವರೆಗೆ ಜಾರುತ್ತಿತ್ತು ಹೋದ ವಾರ, ನೋಡಿದ್ದೆ, ನೋಡಿಯೂ ನಲವತ್ತಮೂರು ಎಂದು ಕುಣಿದಿದ್ದೆ, ತಟ್ಟೆಯಲ್ಲಿ ಗಡ್ಡೆ, ತಟ್ಟೆಯಲ್ಲಿ ಇಲಿ — ನುಗ್ಗೇಹಳ್ಳಿ, ನುಗ್ಗೇಹಳ್ಳಿ, ಇಳೀರಿ, ಕಂಡಕ್ಟರು ಬಾಗಿಲು ಬಡಿಯುತ್ತಿದ್ದಾನೆ, ಯಾವಾಗ ಬಸ್ಸು ಬದಲಾಯಿಸಿದೆ ನೆನಪಿಲ್ಲ, ಕಾಲು ತಾನಾಗಿ ಇಳಿಯುತ್ತಿದೆ, ಮಂಡಿಯ ಜಗುಲಿ, ಅಲ್ಲೇ ನಿಂತಿದ್ದಾಳೆ, ಯಂತ್ರದ ಮೇಲೆ, ಸೆರಗಿನೊಳಗೆ ಹೊಟ್ಟೆ ಮುಂದೆ ಬಂದಿದೆ, ಚನ್ನಬಸವಯ್ಯನವರು ಬಗ್ಗಿ ಯಂತ್ರದ ತೂಕದ ಗುಂಡು ಸರಿಸುತ್ತಿದ್ದಾರೆ, ನಲವತ್ತೈದು ಕಣವ್ವ, ಮೇಲೆ ಒಂದಿಷ್ಟು. ಇಕಾ, ಕೇಳುಸ್ತಾ, ನಲವತ್ತೈದಂತೆ, ಗೆದ್ನಲ್ಲ, ಸ್ವಾಮಾರದಿಂದ ಕಳೆ ಕೀಳಕ್ಕೆ ಓಗ್ಲಾ, ನೀನೇ ಯೋಳು, ಎನ್ನುತ್ತಾಳೆ, ಹಲ್ಲು ಕಾಣುವ ಹಾಗೆ ನಗುತ್ತಾಳೆ, ಯಂತ್ರದಿಂದ ಇಳಿಯಲೊಲ್ಲಳು, ಹೇಳಬೇಕು, ಏನಾದರೂ ಹೇಳಬೇಕು, ಬಾಯಿ ತೆರೆದಿದೆ, ಓಗು ಕಣಮ್ಮಿ ಅಂದದ್ದು ತಾನೇ ಇರಬೇಕು — ಒಂದು ತಟ್ಟೆಯಲ್ಲಿ ಗಡ್ಡೆ, ಒಂದು ತಟ್ಟೆಯಲ್ಲಿ ಇಲಿ, ಮುಳ್ಳು ನಡುವೆ ನಿಂತಿದೆ, ಅಲುಗುತ್ತಿಲ್ಲ, ನಡುವೆ ನಿಂತಿದೆ.