ಹಡಿಮಂಚದ ಮೇಲೆ ಎಂಜಿನ್

ಬೈಂದೂರಿನಿಂದ ಬಾಡಿಗೆ ಹತ್ತಿಸಿಕೊಂಡು ಹೊರಟ ಕಾರು ಮರವಂತೆಯಲ್ಲೇ ನರಳತೊಡಗಿತ್ತು. ಹೇಗೋ ಹೊಳೆ ದಾಟಿತು, ಹೆಮ್ಮಾಡಿಯ ಹೊರಗೆ ಬಂದು ನಿಂತೇಬಿಟ್ಟಿತು. ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಂಥ ಸದ್ದು. ಬಾಡಿಗೆಯವರು ಇಳಿದು ನಡೆದರು. ಕಾರಿನ ಒಡೆಯ ಮಂಜಯ್ಯ ಎರಡು ಎತ್ತು ಕಟ್ಟಿಸಿ ಅದನ್ನು ಮನೆಯಂಗಳಕ್ಕೆ ಎಳೆಸಿಕೊಂಡು ಬಂದ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ತೆಂಕಿನ ದೊಡ್ಡ ವರ್ಕ್‌ಶಾಪಿಗೆ ಒಯ್ಯುವುದೆಂದರೆ ಹೊಳೆಗೊಂದರಂತೆ ಜಂಗಲ್ ಹತ್ತಿಸಬೇಕು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಆ ಜಂಗಲಿನ ಮೇಲೆ ಸತ್ತ ಕಾರನ್ನು ಯಾರು ಹತ್ತಿಸಿಕೊಂಡಾರು? ಎಂಜಿನ್ನನ್ನು ಮನೆಯಲ್ಲೇ ಇಳಿಸಿ ಬಿಚ್ಚಬೇಕು. ಅವನ ಹೆಂಡತಿ ಸರಸಳಿಗೆ ಹೆದರಿಕೆಯಿದ್ದುದು ಅದಕ್ಕೇ. ಹೋದ ಸಲ ಎಂಜಿನ್ನನ್ನು ಎರಡು ಮುರಕಲ್ಲಿನ ಮೇಲೆ ಇಟ್ಟಿದ್ದ. ಕಲ್ಲು ಒಡೆಯಿತು. ಬಲಗೈಯ ಎರಡು ಬೆರಳು ಅಡಿಗೆ ಸಿಕ್ಕಿ ಜಜ್ಜಿಹೋದವು. ಅಂದಿನಿಂದ ಆ ಕೈಗೆ ಸದಾ ಹೆಗಲವಸ್ತ್ರ ಬೈರಾಸವನ್ನು ಸುತ್ತಿಕೊಂಡೇ ಇರುತ್ತಾನೆ. ಹೆಂಡತಿಗೂ ತೋರಿಸುವುದಿಲ್ಲ.

“ಸ್ಟ್ಯಾಂಡ್ ಇಲ್ದೆ ಎಂಜಿನ್ ಇಳ್ಸೂಕಾಗ,” ಎಂದಳು ಸರಸ. “ನಾ ಹತ್ತಿ ಕೂತ್ರೂ ಅಲ್ಗಾಡ್ದಷ್ಟ್ ಗಟ್ಟಿ ಸ್ಟ್ಯಾಂಡ್ ಬೇಕ್.”

“ನೀ ಹತ್ತಿ ಕೂತ್ರೆ ಎಂಜಿನ್ ಎಲ್ಲಿಡುದ್?”

“ತಮಾಷೆ ಸಾಕ್.”

ಕುಂದಾಪುರದಲ್ಲಿ ಬಸ್ಸಿನ ಮಿಸ್ತ್ರಿಯಾಗಿದ್ದ ಭೋಜರಾಜ ಮಂಜಯ್ಯನ ಹಳೆಯ ಗೆಳೆಯ. ವಿಲಾಯತಿ ಸ್ಟ್ಯಾಂಡು ತಮ್ಮಂಥವರ ಕೈಗೆ ಎಟುಕುವುದಲ್ಲ ಎಂದು ಅವನಿಗೆ ಗೊತ್ತು. ಬ್ರಹ್ಮಾವರದ ಕಮ್ಮಾರನೊಬ್ಬ ಗಾಡಿಚಕ್ರದ ಪಟ್ಟಿಯಿಂದ ಮಾಡಿದ್ದನ್ನು, ನೋಡಿ ಬೇಡವಾದರೆ ತಿರುಗಿ ಕೊಡುವ ಮಾತಿನ ಮೇಲೆ ಹೊತ್ತು ತಂದ. ಮೂರು ಕಾಲು, ಕಾಲಿಗೆ ಪುಟ್ಟ ಗಾಲಿ, ನಡುವೆ ಕಂಬ, ಕಂಬದ ತಲೆಗೆ ಮುಂದಕ್ಕೆ ಚಾಚಿದ ತೋಳು. ಎಂಜಿನ್ನನ್ನು ಆ ತೋಳಿಗೆ ಬಿಗಿಯಬೇಕು.

“ಕಾಣಿ ಸರಸಕ್ಕ, ಎಂಜಿನ್ನ ಶಿಶುವನ್ನ ಮಗ್ಚಿದಂಗೆ ಮಗ್ಚೂಕಾತ್ತ್. ಒಬ್ನೇ ಸಾಕ್.”

“ಒಬ್ನೇ ಸಾಕಾ?” ಮಂಜಯ್ಯ ಹತ್ತಿರ ಬಂದ.

“ಮತ್ತೆ? ಬೇರೆ ಜನವೇ ಬೇಡ.”

ಸರಸ ಸೆರಗು ಸಿಕ್ಕಿಸಿ ಎರಡೂ ಕೈಯಿಂದ ಆ ತೋಳಿಗೆ ಜೋತುಬಿದ್ದಳು. ಸ್ಟ್ಯಾಂಡಿನ ಹಿಂದಿನ ಕಾಲು ನೆಲ ಬಿಟ್ಟು ಎದ್ದಿತು. ಭೋಜರಾಜ ಹಾರಿ ಕಂಬ ಹಿಡಿದ.

“ಹ್ವಾಯ್ ಹ್ವಾಯ್, ಅಕ್ಕಾ!”

“ನನ್ನ ಭಾರಕ್ಕೇ ಮಗುಚತ್ತ್. ಎಂಜಿನ್ ನನ್ಕಿಂತ ಹಗೂರವಾ?”

“ಹಿಂದಿನ್ ಕಾಲಿಗೆ ಒಂದ್ ಕಲ್ ಕಟ್ರಾಯ್ತ್.”

“ಮತ್ತೆ ಕಲ್ಲಾ?” ಎಂದಳು.

ಮಂಜಯ್ಯ ಮಾತ್ರ, “ಇರ್ಲಿ. ಇದೇ ಇರ್ಲಿ. ನಾ ಜಾಗ್ರತೆ ಮಾಡ್ತೆ,” ಎಂದು ಬಿಗಿಯಾಗಿ ಹೇಳಿ ಹಿತ್ತಿಲಿಗೆ ಹೋದ. ಸರಸಳಿಗೆ ಸೋಜಿಗವಾಯಿತು. ಸಾಮಾನಿನ ಗುಣದೋಷ ಕಣ್ಣಳತೆಯಲ್ಲೇ ಹೇಳುವವ, ಮಗುಚುವುದನ್ನು ಕಣ್ಣಾರೆ ಕಂಡೂ ಹಟ ಹಿಡಿಯುವುದೆಂದರೇನು?

ಸಂಜೆ ದನಕ್ಕೆ ಅಕ್ಕಚ್ಚು ಒಯ್ಯುವಾಗ ತಿಳಿಯಿತು. ಕಾರಿನ ಮೂತಿಯೊಳಗೆ ಬಗ್ಗಿ ಮಂಜಯ್ಯ ಬಲಗೈಯಲ್ಲಿ ಸ್ಪ್ಯಾನರ್ ಹಿಡಿಯಲು ನೋಡುತ್ತಿದ್ದ. ಜಾರಿತು. ಎತ್ತಿಕೊಂಡ. ಮತ್ತೆ ಜಾರಿ ಕಲ್ಲಿನ ಮೇಲೆ ಠಣ್ ಎಂದಿತು. ಅವನು ಸ್ಪ್ಯಾನರ್ ಹುಡುಕಲಿಲ್ಲ. ಮೊದಲು ಸುತ್ತ ತಿರುಗಿ ಯಾರಾದರೂ ಕಂಡರೇ ಎಂದು ನೋಡಿದ. ಸರಸ ಗೋಡೆಯ ಮರೆಗೆ ಸರಿದಳು. ಸ್ವಲ್ಪ ತಡೆದು, ಬೇಕೆಂದೇ ಬಕೆಟ್ಟನ್ನು ಗೋಡೆಗೆ ತಾಗಿಸಿ ಸದ್ದು ಮಾಡುತ್ತ ಬಂದಳು. ಅಷ್ಟರಲ್ಲಿ ಬೈರಾಸ ಕೈಗೆ ಸುತ್ತಿ ಆಗಿತ್ತು.

ಒಬ್ಬನೇ ಸಾಕು ಎಂಬ ಸ್ಟ್ಯಾಂಡು ಅವನಿಗೆ ಬೇಕಾದುದು ಅದಕ್ಕೆ. ಎದುರಿಗೆ ಯಾರೂ ಇರಬಾರದು. ಆದರೆ ಆ ಕೈಯಲ್ಲಿ ಒಬ್ಬನೇ ಬಿಚ್ಚಲಾರ. ಬಿಚ್ಚದಿದ್ದರೆ ಕಾರು ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ, ಅದರ ಪಕ್ಕದಲ್ಲಿ ಇವನೂ.

ಮನೆ ಸರಸಳ ತಾಯಿಯ ಕಡೆಯದು. ಯಜಮಾನಿಕೆ ಸೋದರಮಾವ ಬಚ್ಚನದು. ಹೆಂಡತಿಯ ಮನೆಯಲ್ಲಿ ಒಂದು ಕತ್ತಿ ಬೇಕಾದರೂ ಮಂಜಯ್ಯ ಬಾಯಿಬಿಟ್ಟು ಕೇಳುವವನಲ್ಲ. ಸರಸ ಚಾವಡಿಗೆ ಹೋದಳು.

“ಮಾವ, ಹಡಿಮಂಚ ಬೇಕಿತ್ತ್.”

ಭತ್ತದ ಸೂಡಿ ಬಡಿಯುವ ಮಂಚ ಅದು. ಹೆಬ್ಬಲಸಿನ ನಾಲ್ಕು ದಪ್ಪ ಕಾಲು ಹೊರಕ್ಕೆ ಚಾಚಿ ನಿಂತಿವೆ. ಕಾಳು ಉದುರಲೆಂದು ಮೇಲಿನ ಪಟ್ಟಿಗಳ ನಡುವೆ ಸಂದು ಬಿಟ್ಟಿದೆ.

“ಕೊಯ್ಲು ಎಲ್ಲಿತ್ ಇನ್ನೂ?”

“ಎಂಜಿನ್ ಇಡೂಕೆ.”

ಬಚ್ಚ ಮಾವ ಕವಳ ಉಗಿದು ಬಂದ. “ಅನ್ನ ಉದ್ರು ಮಂಚ ಅದ್, ಹೆಣ್ಣೆ. ಅದ್ರ್ ಮೇಲ್ ಕರಿ ಎಣ್ಣೆಯಾ? ತೊಳ್ದ್ರೆ ಹೋತ್ತಾ?”

“ಹೋತಿಲ್ಲೆ. ಮರ ಕುಡಿತ್ತ್. ಮತ್ತೆ ಅದ್ರಲ್ ಭತ್ತ ಬಡೂಕಾಗ. ಈ ಸಲ ಕಲ್ಲಿಗೆ ಬಡಿದ್ರಾಯ್ತ್, ನಾನೇ ಬಡಿತೆ.”

“ಅವ್ನಿಗೆ ಬಾಯಿಲ್ಯಾ ಕೇಂಬುಕೆ?”

“ಅವ್ರ್ ಕೇಂತಿಲ್ಲೆ. ನಿಮ್ಗೂ ಗೊತ್ತಿತ್ತ್.”

“ಆ ಕೈಯಲ್ ಎಂತ ಮಾಡ್ತ?”

“ಹಡಿಮಂಚಕ್ಕೆ ಎರಡ್ ಬದಿ ಇತ್ತಲೆ ಮಾವ. ಆಚೆ ಬದಿಗೆ ನಾ ನಿಲ್ತೆ.”

ಬಚ್ಚ ಮಾವ ಎದ್ದು ತಾನೇ ಮಂಚದ ಮೇಲಿನ ಧೂಳು ಒರೆಸಿದ, ಮುಟ್ಟಿ ಕಣ್ಣಿಗೊತ್ತಿಕೊಂಡ. “ಕಾರ್ ಓಡೂಕೆ ಶುರುವಾದ್ ಮೇಲೆ ನಂಗೊಂದ್ ಹೊಸ್ ಮಂಚ ಮಾಡ್ಸಿ ಕೊಡ್ಕ್. ಪುಕ್ಕಟೆ ಕೊಟ್ಟದ್ದಲ್ಲ, ಮಾರಿದ್ದ್ ಅಂದೇಳಿ ಅವ್ನಿಗೆ ಹೇಳ್.”

ಮರುದಿನ ಭೋಜರಾಜ ಮಾವಿನ ಕೊಂಬೆಗೆ ರಾಟೆ ಕಟ್ಟಿ, ಆಳುಗಳನ್ನು ಹಗ್ಗಕ್ಕೆ ಹಚ್ಚಿ ಎಂಜಿನ್ ಎತ್ತಿಸಿದ. ಪಟ್ಟಿಗಳ ಮೇಲೆ ಅಡ್ಡಕ್ಕೆ ಎರಡು ದಪ್ಪ ತೊಲೆ ಇಟ್ಟು ಮೆಲ್ಲನೆ ಇಳಿಸಿದರು. ಮಂಚ ನರಳಿತು. ಕಾಲುಗಳು ಒದ್ದೆ ಮಣ್ಣಿನಲ್ಲಿ ಬೆರಳಷ್ಟು ಹೂತು ನಿಂತವು. ಸರಸ ಭುಜ ಕೊಟ್ಟು ನೂಕಿದಳು, ಭೋಜರಾಜನೂ ನೂಕಿದ. ಅಲುಗಲಿಲ್ಲ.

“ಬ್ರಹ್ಮಾವರದ್ದನ್ನ ತಿರ್ಗಿ ಹೊರುದೇ ಸೈ,” ಎಂದು ಭೋಜರಾಜ ನಗುತ್ತ ಹೊರಟ. ಆಳುಗಳೂ ಹೋದರು.

ಮಂಜಯ್ಯ ಹೆಂಡತಿಯತ್ತ ತಿರುಗಿದ. “ನೀ ಒಳಗ್ ಹೋಗ್.”

ಸರಸ ಸೀರೆ ಎತ್ತಿ ಕಟ್ಟಿ, ಸೂಡಿ ಬಡಿಯಲು ನಿಲ್ಲುವಂತೆ ಎದುರು ಬದಿಗೆ ನಿಂತಳು. “ಎಲ್ಲಿ ಹಿಡ್ಕಣ್ಕ್ ಹೇಳಿ.”

“ಇದ್ ಭತ್ತ ಅಲ್ಲ.”

“ಅಷ್ಟೂ ಗೊತ್ತಿಲ್ಯಾ ನಂಗೆ? ಎಲ್ಲಿ ಹಿಡ್ಕಣ್ಕ್?”

ಕೊಟ್ಟಿಗೆಯಲ್ಲಿ ಕರು ಕೂಗಿತು. ಅವಳು ಜಾಗ ಬಿಡಲಿಲ್ಲ. ಮಂಜಯ್ಯ ಬಹಳ ಹೊತ್ತಿನ ಮೇಲೆ ಬೈರಾಸ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಎರಡು ಬೆರಳು ಒಣಗಿದ ಕೊರಡಿನಂತೆ ಒಳಕ್ಕೆ ಮಡಚಿಕೊಂಡಿದ್ದವು. ಸರಸ ನೋಡಿದಳು. ಕಣ್ಣು ತಪ್ಪಿಸಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಅವನು ಎಡಗೈಯಿಂದ ಒಂದು ಸ್ಪ್ಯಾನರನ್ನು ಅವಳತ್ತ ಚಾಚಿದ.

“ಆ ನಟ್ ಕಚ್ಚಿ ಹಿಡಿ. ಬಿಡೂಕಾಗ. ನಾ ಈಚೆಯಿಂದ ಎಳಿತೆ.”

ಎಳೆದ. ತುಕ್ಕು ಕಿರುಗುಟ್ಟಿ ಬಿಟ್ಟುಕೊಟ್ಟಿತು. ನಟ್ಟು ಪಟ್ಟಿಯ ಸಂದಿಯಿಂದ ಕೆಳಗೆ ಬಿತ್ತು.

“ಹೋಯ್ತಲೆ! ಇನ್ ಈ ಕೆಸ್ರಲ್ ಎಲ್ಲಿ ಹುಡ್ಕುದ್?”

“ಅಡಿಗೆ ಚಾಪೆ ಹಾಕಿದ್ದೆ. ಮಂಚ ಇಟ್ಟಲ್ಲಿ ಚಾಪೆ ಹಾಕ್ದೆ ಇಪ್ಪುಕಾತ್ತಾ?”

ಮಂಜಯ್ಯ ಬಗ್ಗಿ ನೋಡಿದ. ಚಾಪೆಯ ನಡುವೆ ನಟ್ಟು ಕೂತಿತ್ತು. ಅವನಿಗೆ ನಗು ಬಂತು. ಮುಂದಿನದಕ್ಕೆ ಕೈ ಹಾಕಿದರು.

ಚಾವಡಿಯಲ್ಲಿ ಕವಳ ಮಡಚುತ್ತಿದ್ದ ಬಚ್ಚ ಮಾವನಿಗೆ ಅಂಗಳದ ಗಲಾಟೆ ಕೇಳಿಸಿತು.

“ಎಡಕ್ಕೆ, ಎಡಕ್ಕೆ! ಅದ್ ಬಲ ಮಾರಾಯ್ತಿ!”

“ನಿಮ್ಗೆ ಬಲ, ನಂಗೆ ಎಡ! ಈಚೆ ಬದಿಗ್ ಬಂದ್ ಕಾಣಿ!”

“ಬಾಯಿ ಮುಚ್ಚಿ ಹಿಡಿ!”

ಎಷ್ಟೋ ತಿಂಗಳಿಂದ ಈ ಮನೆಯಲ್ಲಿ ದನಿಯೆತ್ತದೆ ಓಡಾಡುತ್ತಿದ್ದ ಅಳಿಯ ಹೊಟ್ಟೆತುಂಬ ಬೈಯುತ್ತಿದ್ದ. ಬಚ್ಚ ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತ ಕೂತ.