ಹಲ್ಲಿನಲ್ಲಿ ಕಡಿದ ದಾರ

ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ನಮ್ಮಕ್ಕನನ್ನು ಮೀರಿಸುವವರಿರಲಿಲ್ಲ. ಅಂಥವಳ ಚರ್ಮ ಗಟ್ಟಿಯಾಗುತ್ತ ಬಂದು ಬೆರಳು ಮಡಚದಂತಾಯಿತು. ಆಮೇಲೆ ರೋಗ ಶ್ವಾಸಕೋಶಕ್ಕೂ ಇಳಿಯಿತು. ಮೈ ಕಾಯಬೇಕಾದ ರಕ್ತಕಣಗಳೇ ಮೈಮೇಲೆ ತಿರುಗಿಬಿದ್ದಿವೆ ಎಂದರು ಡಾಕ್ಟರಮ್ಮ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಉಳಿದಿದ್ದು ಒಂದೇ ದಾರಿ. ಅವಳದೇ ರಕ್ತದಿಂದ, ಹೊಸ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್ ತೆಗೆದಿಟ್ಟು, ಕಡು ಔಷಧಿಯಿಂದ ಆ ಕೆಟ್ಟ ಕಾವಲನ್ನೆಲ್ಲ ಅಳಿಸಿ, ತೆಗೆದಿಟ್ಟಿದ್ದನ್ನು ಮತ್ತೆ ಮೈಗೆ ಬಿಡುವುದು. ಹೊಸ ಕಾವಲು ಹುಟ್ಟುವವರೆಗೆ ಸಣ್ಣ ಸೋಂಕೂ ಪ್ರಾಣ ತೆಗೆಯಬಹುದು. "ಕೆಲವರು ಚಿಕಿತ್ಸೆಯಲ್ಲೇ ಹೋಗ್ತಾರೆ," ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

"ನಂಗೆ ಬೇಡ. ಇರೋಷ್ಟು ದಿನ ಹೀಗೇ ಇದ್ದುಬಿಡ್ತೀನಿ," ಎಂದಳು ಅಕ್ಕ.

ಭಾವ ಬಿಡಲಿಲ್ಲ. ದರ್ಜಿ ಅವರು, ಆಕಾಶ ಹರಿದುಬಿದ್ದರೂ ತೇಪೆ ಹಾಕುತ್ತೇನೆ ಎನ್ನುವ ಆಸಾಮಿ. "ನೀನು ಮತ್ತೆ ನನ್ನ ಪಕ್ಕ ಕೂತು ಕಾಜಾ ಹಾಕ್ಬೇಕು," ಎಂದು ಬೆನ್ನು ಹತ್ತಿ ಒಪ್ಪಿಸಿದರು.

ಅವಳಿಗೆ ಬೇರೆ ಕೋಣೆ ಕೊಟ್ಟು, ಕಡು ಔಷಧಿ ಏರಿಸಿದರು. ಎದೆಗೆ ಹಾಕಿದ ನಳಿಕೆ ಎಳೆಯದಂತೆ ಮುಂದೆ ಬಿಚ್ಚುವ ಅಂಗಿಗಳನ್ನು ಭಾವನೇ ಹೊಲಿದರು. ಕುದಿಸಿ, ಇಸ್ತ್ರಿ ಮಾಡಿ, ಚೀಲಕ್ಕೆ ಹಾಕಿದ ಮೇಲೆ ಯಾರೂ ಮುಟ್ಟಬಾರದೆಂದು ನರ್ಸ್ ಹೇಳಿದ್ದರು. ಆದರೆ ಕೋಣೆಯ ಬಾಗಿಲಲ್ಲಿ ಭಾವನಿಗೆ ಚೀಲದೊಳಗೆ ಒಂದು ದಾರದ ತುದಿ ಕಂಡಿತು. ಕಂಡ ಮೇಲೆ ಬಿಟ್ಟಾರೆಯೇ? ಅಂಗಿ ಹೊರಗೆಳೆದು, ಹಲ್ಲಿನಲ್ಲಿ ಕಟಕ್ಕನೆ ಕಡಿದು, ಮತ್ತೆ ಚೀಲಕ್ಕಿಟ್ಟು ಒಳಗೆ ಕೊಟ್ಟರು. ಕೈ ಮಾಡಿದ್ದು ಮನಸ್ಸಿಗೆ ಗೊತ್ತೇ ಆಗಿರಲಿಲ್ಲವಂತೆ.

ಮರುದಿನ ಅಕ್ಕನಿಗೆ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

"ನನ್ನ ಎಂಜಲೇ ಅವಳನ್ನ ಕೊಂದಿದ್ದು," ಎಂದು ಭಾವ ಬಂದವರಿಗೆಲ್ಲ ಹೇಳತೊಡಗಿದರು. ಊಟ ಬಿಟ್ಟರು. ಅಂಗಡಿ ಬಾಗಿಲು ತೆಗೆಯಲಿಲ್ಲ. ನನಗೆ ಅಯ್ಯೋ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೊನೆಗೆ ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದೆ.

ಅವರು ರಕ್ತದ ವರದಿ ತೋರಿಸಿ ಮೆಲ್ಲಗೆ ಹೇಳಿದರು: "ಆ ರೋಗಾಣು ನಿಮ್ಮ ಬಾಯಿಂದ ಬಂದಿದ್ದಲ್ಲ. ಅವರ ಕರುಳಲ್ಲೇ ಇದ್ದಿದ್ದು. ತಡೆಯೋ ಶಕ್ತಿ ಇಲ್ಲದಾಗ ರಕ್ತಕ್ಕೆ ಸೇರ್ತು. ನೀವು ಆ ಬಟ್ಟೆ ಮುಟ್ಟದೇ ಇದ್ದಿದ್ರೂ ಹೀಗೇ ಆಗ್ತಿತ್ತು."

ನನಗೆ ಹೋದ ಜೀವ ಬಂದಂತಾಯಿತು. ಇನ್ನಾದರೂ ಎರಡು ತುತ್ತು ತಿಂದಾರು ಎಂದು ಭಾವನತ್ತ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಹಾಗಾದ್ರೆ ಚಿಕಿತ್ಸೆಯಿಂದ್ಲೇ ಹೋದ್ಲು," ಎಂದರು. "ಅವಳು ಬೇಡ ಅಂದಿದ್ಲು. ಒಪ್ಪಿಸಿದ್ದು ನಾನು."