ಬಲಗಡೆಯ ದನಿ

ನನ್ನ ದೊಡ್ಡಪ್ಪ ಎಂದೂ ಯಾರ ಎಡಗಡೆಗೂ ನಡೆದವರಲ್ಲ. ಜೊತೆಯಲ್ಲಿ ಹೊರಟವರು ಅರಿಯದೆ ಅವರ ಬಲಕ್ಕೆ ಬಂದರೆ, ಮಾತು ಮುರಿಯದೆ ಹಿಂದಿನಿಂದ ಅರ್ಧ ಸುತ್ತು ಹಾಕಿ, ಅವರನ್ನು ಮತ್ತೆ ತಮ್ಮ ಎಡಕ್ಕೆ ತಂದುಕೊಳ್ಳುವರು. ಆ ಸ್ಥೂಲಕಾಯದ ಮನುಷ್ಯನ ಆ ಅರ್ಧ ಸುತ್ತಿನಲ್ಲಿ ನೃತ್ಯದ ಲಾಲಿತ್ಯವಿತ್ತು. ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದಾಗ, ಮೂವತ್ತರ ಹರೆಯದಲ್ಲಿ, ಪಕ್ಕದಲ್ಲೇ ಉಗಿಯ ಕೊಳವೆ ಸಿಡಿದು ಬಲಗಿವಿ ಶಾಶ್ವತವಾಗಿ ಕೆಟ್ಟಿತ್ತು. ಅದಕ್ಕಾಗಿ ಅವರು ಕೊರಗಿದ್ದನ್ನು ನಾನು ಕಾಣೆ. "ಮೇಸ್ತ್ರಿ ಬೈದ್ರೆ ಅರ್ಧ ಬೈಗುಳಾನೇ ಕೇಳೋದು, ಅಷ್ಟು ಲಾಭ" ಎನ್ನುತ್ತಿದ್ದರು.

ಬೇಸಿಗೆಯಲ್ಲೂ ಬಿಡದ ಕಂದು ಕೋಟು. ಅದರ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್. ಏನನ್ನೇ ಕೊಳ್ಳಲಿ, ಮೊದಲು ಅದನ್ನು ತಲೆಕೆಳಗು ಮಾಡಿ ಬುಡ ನೋಡಬೇಕು. ಕುರ್ಚಿಯಾಗಲಿ, ಕೊಡೆಯಾಗಲಿ, ಕಡೆಗೆ ತರಕಾರಿಯವಳ ಕುಂಬಳಕಾಯಿಯಾಗಲಿ ಆ ಪರೀಕ್ಷೆಯಿಂದ ಪಾರಾದದ್ದಿಲ್ಲ. "ಅದಕ್ಕೇನು ಮೊಳೆ ಹೊಡೆದಿರ್ತಾರಾ?" ಎಂದು ದೊಡ್ಡಮ್ಮ ನಗುತ್ತಿದ್ದರು.

ದೊಡ್ಡಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ದಿಕ್ಕುಗಳನ್ನು ತೋರಿಸುವುದು ಅವರಿಗೆ ಶಾಲೆಯಿಂದ ಮನೆಗೂ ಬಂದ ಅಭ್ಯಾಸ. ಇಬ್ಬರಿಗೂ ಇದ್ದ ಒಂದೇ ವಿಲಾಸವೆಂದರೆ ಸಂಜೆಯ ಸಂಗೀತ. ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಹಳೆಯ ರಿಸೀವರ್, ಅದರ ಎಡಬಲಕ್ಕೆ ಎರಡು ಸ್ಪೀಕರು. ಒಂದೇ ಕಿವಿಯವನಿಗೆ ಯಾವ ದನಿ ಎತ್ತಲಿಂದ ಬಂತೆಂದು ತಿಳಿಯುವುದಿಲ್ಲ. ಎಲ್ಲವೂ ಒಂದೇ ಗೋಡೆಯಿಂದ ಬಂದಂತೆ. ಆದ್ದರಿಂದ ದೊಡ್ಡಮ್ಮ ಕೈಯೆತ್ತಿ, "ಈಗ ಪಿಟೀಲು ಆ ಕಡೆ ನೋಡಿ, ಕೊಳಲು ಈ ಕಡೆ" ಎಂದು ತೋರಿಸುವರು, ದೊಡ್ಡಪ್ಪ ವಿಧೇಯ ವಿದ್ಯಾರ್ಥಿಯಂತೆ ಅತ್ತಿತ್ತ ತಿರುಗಿ ತಲೆದೂಗುವರು. ನಲವತ್ತು ವರ್ಷ ದೊಡ್ಡಪ್ಪ ಸಂಗೀತದ ಅರ್ಧವನ್ನು ಹೆಂಡತಿಯ ಬಾಯಲ್ಲಿ ಕೇಳಿದರು.

ಆಮೇಲೆ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ದೊಡ್ಡಪ್ಪ ಮಂಚವನ್ನು ನಡುಮನೆಗೇ ತಂದರು. ತಲೆ ಬಾಚಿದರು, ಚಮಚದಲ್ಲಿ ಉಣಿಸಿದರು, ಸಂಜೆಯಾದೊಡನೆ ತಪ್ಪದೆ ರಿಸೀವರ್ ಹಾಕಿದರು. ಹಾಡು ಶುರುವಾದರೆ ದೊಡ್ಡಮ್ಮ ಎಡಗೈಯನ್ನು ಎದೆಯ ಮೇಲಿಂದ ಅಡ್ಡವಾಗಿ ಎತ್ತಿ ಬಲಕ್ಕೆ ಚಾಚುವರು. ಬಲಕ್ಕೆ ಕಿಟಕಿಯಿತ್ತು. ದೊಡ್ಡಪ್ಪ ಎದ್ದು ಕಿಟಕಿ ಮುಚ್ಚುವರು. ಕೈ ಮತ್ತೆ ಮೇಲೇಳುವುದು. ಕಿಟಕಿ ತೆರೆಯುವರು, ಪರದೆ ಸರಿಸುವರು, ನೀರು ತರುವರು. ಕೊನೆಗೆ ಕೈ ತಾನೇ ಸೋತು ಹೊದಿಕೆಯ ಮೇಲೆ ಬೀಳುವುದು.

ಆ ವರ್ಷ ರಜೆಯಲ್ಲಿ ನಾನು ಹೋದಾಗ ಹಾಡು ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ.

"ದೊಡ್ಡಪ್ಪ, ಬಲಗಡೆ ಸ್ಪೀಕರ್ ಹಾಡ್ತಾನೇ ಇಲ್ವಲ್ಲ. ಯಾವಾಗಿಂದ ಹೀಗೆ?"

ಅವರು ಎದ್ದು ಹೋಗಿ ಮೊಣಕಾಲೂರಿ, ಕೇಳುವ ಕಿವಿಯನ್ನು ಆ ಸ್ಪೀಕರಿನ ಬಟ್ಟೆಗೆ ಒತ್ತಿ ಬಹಳ ಹೊತ್ತು ಇದ್ದರು. ಮೆಲ್ಲಗೆ ಮಂಚದ ಕಡೆ ತಿರುಗಿದರು.

"ಇದನ್ನೇನಾ ನೀನು ಹೇಳ್ತಿದ್ದಿದ್ದು?"

ದೊಡ್ಡಮ್ಮ ಹೌದೆಂದು ತಲೆಯಾಡಿಸಿದರು. ದೊಡ್ಡಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಕೈ ಎತ್ತಲು ತೊಡಗಿ ಏಳು ತಿಂಗಳಾಗಿತ್ತಂತೆ.

ರಿಪೇರಿಯವನು ರಿಸೀವರ್ ಬಿಚ್ಚಿ, ಬಲ ಸ್ಪೀಕರಿಗೆ ದನಿ ಕಳಿಸುವ ಭಾಗ ಸುಟ್ಟಿದೆ, ಅದರ ಬಿಡಿಭಾಗ ಈಗ ಎಲ್ಲೂ ಸಿಗದು ಎಂದ. ಬೇರೆಯದೇ ಬೇಕು. ಪಿಂಚಣಿಯ ಬಹುಭಾಗ ಔಷಧಕ್ಕೆ ಹೋಗುತ್ತಿದ್ದ ಮನೆ. ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. "ನಿನ್ನ ದುಡ್ಡು ಬೇಡ ಮಗು, ನಿನ್ನ ಬಲಗಿವಿ ಕೊಡು ಸಾಕು" ಎಂದರು. ಪಕ್ಕದ ಮನೆಯಾಕೆಯನ್ನು ದೊಡ್ಡಮ್ಮನ ಬಳಿ ಕೂರಿಸಿ, ಮೂರು ವಾರ ಮಧ್ಯಾಹ್ನಗಳಲ್ಲಿ ನಾವು ಅಂಗಡಿ ಸುತ್ತಿದೆವು. ಹೊಸವುಗಳಲ್ಲಿ ಒಳ್ಳೆಯವು ಕೈಗೆಟುಕಲಿಲ್ಲ. ಎಟುಕಿದವುಗಳ ಬುಡ ನೋಡಿ ದೊಡ್ಡಪ್ಪ ಕೆಳಗಿಟ್ಟರು. ಒಂದು ಕಡೆ ಅಂಗಡಿಯವನು ಅಂಗೈಯಗಲದ ಪುಟ್ಟ ಸ್ಪೀಕರೊಂದನ್ನು ಮುಂದಿಟ್ಟ.

"ವಯಸ್ಸಾದವರಿಗೆ ಇದೇ ಸಾಕು ಸಾರ್. ಎರಡೆರಡು ಯಾಕೆ?"

"ಅವಳಿಗೆ ಎರಡು ಕಿವಿ ಇದೆ" ಎಂದರು ದೊಡ್ಡಪ್ಪ.

ಕಡೆಗೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಇಸ್ತ್ರಿಪೆಟ್ಟಿಗೆಗಳ ಹಿಂದೆ, ಭಾರವಾದ ಒಂದು ರಿಸೀವರ್ ಸಿಕ್ಕಿತು. ದನಿಯನ್ನು ಎಡಕ್ಕೂ ಬಲಕ್ಕೂ ಸರಿಸುವ ಪ್ರತ್ಯೇಕ ತಿರುಗುಗುಂಡಿ ಅದಕ್ಕಿತ್ತು. ಅವರು ಮುಚ್ಚಳ ಬಿಚ್ಚಿ, ಸುಟ್ಟ ವಾಸನೆ ಇಲ್ಲವೆಂದು ಮೂಸಿ ಖಚಿತಪಡಿಸಿಕೊಂಡು, ಆ ಗುಂಡಿಯನ್ನು ಪೂರ್ತಿ ತಿರುಗಿಸಿದರು.

"ಈಗ?"

"ಬಲಗಡೆ."

"ಪೂರ್ತಿ ಬರ್ತಿದೆಯಾ?"

"ಪೂರ್ತಿ ಬರ್ತಿದೆ ದೊಡ್ಡಪ್ಪ."

ಮೂರು ಸಲ ಹೇಳಿಸಿದರು. ಅಂಗಡಿಯಾಕೆ ಹೇಳಿದ ಬೆಲೆಗೆ ಚೌಕಾಸಿ ಮಾಡದೆ, ಮನೆಯವರೆಗೂ ತಾವೇ ಎದೆಗವಚಿ ಹೊತ್ತು ತಂದರು.

ಅಂದು ಸಂಜೆ ಎರಡೂ ಕಡೆಯಿಂದ ಸಂಗೀತ ಹೊಮ್ಮಿದಾಗ ದೊಡ್ಡಮ್ಮನ ಕಣ್ಣು ಬಲಕ್ಕೆ ಹೊರಳಿತು, ಅಲ್ಲೇ ನಿಂತಿತು, ತುಂಬಿತು. "ಬರ್ತಿದೆಯಾ?" ಎಂದು ದೊಡ್ಡಪ್ಪ ಕೇಳಿದರೆ ಹೂಂ ಎಂಬಂತೆ ರೆಪ್ಪೆ ಮುಚ್ಚಿದರು. ಅಂದಿನಿಂದ ದೊಡ್ಡಪ್ಪ ಸಂಗೀತ ಕೇಳಿದ್ದನ್ನು ನಾನು ಕಂಡಿಲ್ಲ. ಹಾಡು ನಡೆದಷ್ಟು ಹೊತ್ತೂ ಅವರು ಹೊದಿಕೆಯ ಮೇಲಿದ್ದ ಆ ಎಡಗೈಯನ್ನು ನೋಡುತ್ತ ಕೂರುವರು. ಅದು ಮತ್ತೆ ಏಳಲಿಲ್ಲ.

ಒಂಬತ್ತು ವಾರಗಳ ಮೇಲೆ, ಒಂದು ಬೆಳಗ್ಗೆ ಮುಖ ತೊಳೆಸುತ್ತಿರುವಾಗಲೇ, ದೊಡ್ಡಮ್ಮ ತೀರಿಕೊಂಡರು.

ಎಲ್ಲ ಮುಗಿದು ಮನೆ ಖಾಲಿಯಾದ ದಿನ ದೊಡ್ಡಪ್ಪ ನನ್ನೊಡನೆ ಹೇಳಿದ್ದು ಒಂದೇ ಮಾತು: "ಅವಳು ಕೈ ಎತ್ತಿ ಹೇಳ್ತಿದ್ಳು ಮಗು. ನಾನು ಕಿಟಕಿ ಹಾಕ್ತಿದ್ದೆ." ಕೊನೆಯ ಒಂಬತ್ತು ವಾರ ದೊಡ್ಡಮ್ಮ ಪೂರ್ತಿ ಕೇಳಿದರಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಸಮಾಧಾನ ಬೇಕಾದದ್ದು ನನಗೇ ಎಂಬಂತೆ.

ಅಲಕ್ಷ್ಯದಿಂದ ನೋಯಿಸುವವರು ಲೋಕದಲ್ಲಿ ಬಹಳ. ಅವರು ಮರೆಯುತ್ತಾರೆ, ಸುಖವಾಗಿ ನಿದ್ರಿಸುತ್ತಾರೆ. ಜೀವಮಾನವಿಡೀ ಎಚ್ಚರದಿಂದ ಪ್ರೀತಿಸಿದವರಿಗೆ ಮಾತ್ರ ಒಮ್ಮೆ ತಪ್ಪಿದ ಎಚ್ಚರವೇ ಮಹಾಪರಾಧವಾಗಿ ಕಾಣುತ್ತದೆ. ಅವರನ್ನು ಯಾರೂ ದೂರಿರುವುದಿಲ್ಲ. ಆದ್ದರಿಂದಲೇ ಅವರನ್ನು ಕ್ಷಮಿಸಬಲ್ಲವರೂ ಯಾರೂ ಇರುವುದಿಲ್ಲ.